ನೊರೆ ಬಾರದ ಬಾಟಲಿ

“ಉರಿ ಇನ್ನೊಂಚೂರು ಜಾಸ್ತಿ ಮಾಡಮ್ಮ,” ಎಂದಳು ಇನ್ಸ್‌ಪೆಕ್ಟರ್ ಕಬಹೆಂಡಾ.

ಮಿರೆಂಬೆಯ ತಾಯಿ ರಟ್ಟಿನ ಚೂರೊಂದನ್ನು ಬೀಸಣಿಗೆ ಮಾಡಿಕೊಂಡು ಇದ್ದಿಲ ಒಲೆಗೆ ಗಾಳಿ ಹಾಕಿದಳು. ಕಿಡಿಯೊಂದು ಹಾರಿ ಅವಳ ಬಟ್ಟೆಯ ಅಂಚಿಗೆ ಬಿತ್ತು. ಕೊಡವಿಕೊಳ್ಳಲೂ ಇಲ್ಲ.

ಒಲೆಯ ಮೇಲೆ ಎರಡು ಪುಟ್ಟ ಪಾತ್ರೆಗಳಿದ್ದವು. ಒಂದರಲ್ಲಿ ಆಸ್ಪತ್ರೆಯ ಸ್ಟೋರಿನಿಂದ ಈಗಷ್ಟೇ ಮುಚ್ಚಳ ಒಡೆದು ತಂದ ಆಲ್ಬುಮಿನ್. ಮನುಷ್ಯರ ರಕ್ತದಿಂದಲೇ ತೆಗೆದ, ತೆಳು ಹಳದಿ ಬಣ್ಣದ ನೀರು. ಹೃದಯದ ಶಸ್ತ್ರಕ್ರಿಯೆಯ ಹೊತ್ತಿನಲ್ಲಿ ಎಳೆಗೂಸುಗಳ ಮೈಗೆ ಇಳಿಸುವುದು ಅದನ್ನೇ. ಇನ್ನೊಂದರಲ್ಲಿ, ಲುಟಾಯನ ಹೆಂಡತಿ ನಿನ್ನೆ ಸಂಜೆ ಸೆರಗಿನಲ್ಲಿ ಮುಚ್ಚಿಟ್ಟು ತಂದುಕೊಟ್ಟ ಅರ್ಧ ಬಾಟಲಿಯ ನಾಲ್ಕು ಚಮಚ. ಆ ಬಾಟಲಿಯ ಮೇಲೂ ಆಲ್ಬುಮಿನ್ ಎಂದೇ ಬರೆದಿತ್ತು. ಅದೇ ಕಂಪನಿ, ಅದೇ ಹಸಿರು ಪಟ್ಟಿ.

ಕಂಪಾಲದ ಆ ಗುಡ್ಡದ ಮೇಲಿನ ಮಕ್ಕಳ ಹೃದಯದ ಆಸ್ಪತ್ರೆಯಲ್ಲಿ ಮೂರು ವಾರದೊಳಗೆ ಎರಡು ಕೂಸುಗಳು ಶಸ್ತ್ರಕ್ರಿಯೆ ಮುಗಿದ ಮೇಲೆ ರಕ್ತ ಹೆಪ್ಪುಗಟ್ಟದೆ ತೀರಿಕೊಂಡಿದ್ದವು. ಹೃದಯ ನಿಲ್ಲಿಸಿದಾಗ ರಕ್ತ ತಿರುಗಿಸುವ ಯಂತ್ರವನ್ನು ನಡೆಸುತ್ತಿದ್ದವನು ಲುಟಾಯ. ರಕ್ತ ತೆಳು ಮಾಡುವ ಔಷಧಿಯನ್ನು ಅಳತೆ ಮೀರಿ ಹಾಕಿದನೆಂದು ಅವನನ್ನು ಒಂಬತ್ತು ದಿನದಿಂದ ಲಾಕಪ್ಪಿನಲ್ಲಿ ಕೂರಿಸಿದ್ದರು.

ಸಾರ್ಜೆಂಟ್ ಎತ್ಯಾಂಗ್ ಪಾತ್ರೆಗಳ ಮೇಲೆ ಬಗ್ಗಿ ಮೂಸಿ ನೋಡಿದ. ಅಲ್ಲಿನ ಪೊಲೀಸರು ಮೇಲಧಿಕಾರಿಯನ್ನು ಕರೆಯುವುದು ಅಫಾಂದೆ ಎಂದೇ. “ಅಫಾಂದೆ, ಬೆಳಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ. ಇದೇನಾದ್ರೂ ಬೆಂದ್ರೆ ಎರಡು ಚಪಾತಿ ತರ್ಲಾ?”

ಹೇಳಿದ ಮೇಲೆ ಅವನಿಗೆ ಮಿರೆಂಬೆಯ ತಾಯಿಯ ಮುಖ ಕಂಡಿತು. ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ಹಿಂದೆ ಸರಿದ.

ಹಿಂದಿನ ಅಂಗಳದ ತುಂಬ ರೋಗಿಗಳ ಕಡೆಯವರ ಒಲೆಗಳು. ಬಾಳೆಕಾಯಿ ಸಿಪ್ಪೆಯ ಗುಡ್ಡೆ, ಶುಂಠಿ ಚಹಾದ ಘಮ, ತಂತಿಯ ಮೇಲೆ ಒಣಗುವ ಕೂಸುಗಳ ಬಟ್ಟೆ. ಕಸ ಸುಡುವ ಗೂಡಿನ ಮೇಲೆ ಬೋಳುತಲೆಯ ದೊಡ್ಡ ಕೊಕ್ಕರೆಗಳು ಹೆಗಲು ಕುಗ್ಗಿಸಿ ಕೂತಿದ್ದವು. ಎಲ್ಲರ ಒಲೆಯಲ್ಲೂ ಯಾರಿಗೋ ಏನೋ ಬೇಯುತ್ತಿತ್ತು. ಮಿರೆಂಬೆಯ ತಾಯಿಗೆ ಮಾತ್ರ ಉಣಿಸಲು ಯಾರೂ ಇರಲಿಲ್ಲ. ಕೂಸಿನ ದೇಹ ಇನ್ನೂ ಶವಾಗಾರದಲ್ಲಿತ್ತು. ಅದನ್ನು ಕೈಗೆ ಕೊಡುವ ತನಕ ತನ್ನೂರು ಲ್ಯಾಂತೊಂಡೆಗೆ ಹಿಂತಿರುಗುವುದಿಲ್ಲವೆಂದು ಹಟ ಹಿಡಿದು ಅವಳು ಆ ಮೂಲೆಯಲ್ಲೇ ಚಾಪೆ ಹಾಸಿದ್ದಳು. ಒಲೆ ಬೇಕೆಂದಾಗ ಕಬಹೆಂಡಾಗೆ ಸಿಕ್ಕಿದ್ದು ಅವಳದೇ.

ಬೇರೆ ಒಲೆ ಹುಡುಕಬಹುದಿತ್ತು. ಆಮೇಲೆ ಎಷ್ಟೋ ಸಲ ಕಬಹೆಂಡಾ ಹಾಗಂದುಕೊಂಡಳು.

“ನಿಂಬೆಹಣ್ಣು,” ಎಂದು ಕೈಚಾಚಿದಳು. ಎತ್ಯಾಂಗ್ ಅರ್ಧ ಹೋಳು ಕೊಟ್ಟ. ಎರಡು ಪಾತ್ರೆಗೂ ಎರಡೆರಡು ಹನಿ ಹಿಂಡಿದಳು.

ಮೊದಲನೆಯ ಪಾತ್ರೆ ಕುದಿಯುವ ಮೊದಲೇ ಮಂಕಾಯಿತು. ಹಾಲಿನ ಬಣ್ಣಕ್ಕೆ ತಿರುಗಿತು. ನೋಡುತ್ತಿದ್ದಂತೆ ಬಿಳಿಯ ಎಳೆಗಳು ಒಂದಕ್ಕೊಂದು ಅಂಟಿಕೊಂಡು, ಬೆಂದ ಮೊಟ್ಟೆಯ ಬಿಳಿಯಂತೆ ಗಡ್ಡೆಕಟ್ಟಿದವು.

ಎರಡನೆಯದು ಕುದಿಯಿತು. ಗುಳ್ಳೆ ಎದ್ದಿತು, ಒಡೆಯಿತು. ತಿಳಿನೀರು ತಿಳಿನೀರಾಗಿಯೇ ಉಳಿಯಿತು.

ಎತ್ಯಾಂಗ್ ಮೆಲ್ಲಗೆ ಸಿಳ್ಳೆ ಹಾಕಿದ.

ಕಬಹೆಂಡಾ ಚಮಚದಿಂದ ಒಂದು ಹನಿ ತೆಗೆದು ಆರಿಸಿ ಬೆರಳ ನಡುವೆ ಉಜ್ಜಿದಳು. ಜಿಗುಟು. ಅಂಗಿ ಕಾಲರಿಗೆ ಹಾಕುವ ಗಂಜಿಯ ಜಿಗುಟು.

ಆಸ್ಪತ್ರೆಯ ಲ್ಯಾಬಿನ ಹಿರಿಯ ತಂತ್ರಜ್ಞ ಹೇಳಿದ್ದು ಇದನ್ನೇ. ಮಿರೆಂಬೆಯ ರಕ್ತ ಕಟ್ಟಿಸುವ ಅಂಶ ಲ್ಯಾಬಿನ ಮೀಟರಿನಲ್ಲಿ ಸರಿಯಾಗೇ ಬಂದಿತ್ತು. ಆದರೆ ಅದೇ ರಕ್ತವನ್ನು ಕಟ್ಟಿಸಿ ನೋಡುವ ಇನ್ನೊಂದು ಯಂತ್ರದಲ್ಲಿ ಅದು ಕಟ್ಟಿಯೇ ಇರಲಿಲ್ಲ. “ನಮ್ಮ ಮೀಟರು ಬೆಳಕು ಹಾಯಿಸಿ ಅಳೆಯೋದು ತಾಯಿ. ಅದರ ಕಣ್ಣಿಗೆ ಮಣ್ಣೆರಚೋ ವಸ್ತು ನನಗೆ ಗೊತ್ತಿರೋದು ಒಂದೇ. ಪಿಷ್ಟ,” ಎಂದಿದ್ದ ಆ ಮುದುಕ. ಮನೆಯಲ್ಲೇ ಪರೀಕ್ಷಿಸುವ ದಾರಿಯನ್ನೂ ಅವನೇ ಹೇಳಿಕೊಟ್ಟಿದ್ದ. ಬಾಟಲಿಯಲ್ಲಿ ಉಳಿದದ್ದನ್ನು ಬೇರೆ ಸೀಸೆಗೆ ಬಗ್ಗಿಸಿ ಸೀಲು ಮಾಡಿ ಸರ್ಕಾರಿ ಪ್ರಯೋಗಾಲಯಕ್ಕೆ ಕಳಿಸಿಯಾಗಿತ್ತು. ಅಲ್ಲಿಂದ ಉತ್ತರ ಬರಲು ಆರು ವಾರ. ಆರು ವಾರದಲ್ಲಿ ಇನ್ನೆಷ್ಟು ಕೂಸುಗಳು ಆ ಮೇಜಿನ ಮೇಲೆ ಮಲಗುತ್ತವೋ.

“ಇದೇನದು?” ಮಿರೆಂಬೆಯ ತಾಯಿ ಮೊದಲ ಬಾರಿಗೆ ಬಾಯಿ ತೆರೆದಳು. ತಿಳಿನೀರಿನ ಪಾತ್ರೆಯನ್ನೇ ನೋಡುತ್ತಿದ್ದಳು.

“ಪಿಷ್ಟ ಅಂತ. ಮೆಕ್ಕೆಜೋಳದಿಂದ ಮಾಡ್ತಾರೆ.”

“ನಾವು ತಿನ್ನೋ ಜೋಳಾನಾ?”

“ಹೂಂ. ಅದನ್ನೇ ಏನೋ ಮಾಡಿ ನೀರಿಗೆ ಹಾಕ್ತಾರೆ. ದೊಡ್ಡೋರಿಗೆ ಕೊಡ್ತಿದ್ರು. ರಕ್ತ ಕಡಿಮೆಯಾದಾಗ ನರ ತುಂಬಿಸೋಕೆ. ಆದ್ರೆ ಜಾಸ್ತಿ ಹೋದ್ರೆ ರಕ್ತ ಕಟ್ಟಲ್ಲ.”

ಅವಳು ಎತ್ಯಾಂಗನ ಕೈಯಲ್ಲಿದ್ದ ಖಾಲಿ ಬಾಟಲಿಯ ಕಡೆ ತಿರುಗಿದಳು. ಅದರ ಕತ್ತಿಗೆ ಸುತ್ತಿದ ಬಿಳಿ ಪಟ್ಟಿಯ ಮೇಲೆ ನೀಲಿ ಶಾಯಿಯಲ್ಲಿ ಬರೆದಿತ್ತು: ಮಿರೆಂಬೆ, 4.2 ಕೆಜಿ. ಅವಳಿಗೆ ಅಷ್ಟು ಓದಲು ಬರುತ್ತಿತ್ತು.

“ನನ್ನ ಮಗೂಗೆ ಹೋದದ್ದು ಯಾವುದು, ಆಫೀಸರಮ್ಮ?”

ಕಬಹೆಂಡಾ ಇಪ್ಪತ್ತಾರು ವರ್ಷ ಪೊಲೀಸ್ ಕೆಲಸ ಮಾಡಿದವಳು. ತಪ್ಪಿಸಿಕೊಳ್ಳುವ ಮಾತು ನೂರು ಗೊತ್ತು. ಆದರೂ ಚಮಚದಿಂದ ಎರಡನೆಯ ಪಾತ್ರೆಯನ್ನು ತೋರಿಸಿದಳು.

ಆ ಹೆಂಗಸು ಅಳಲಿಲ್ಲ. ಪಾತ್ರೆಯನ್ನು ಬರಿಗೈಯಲ್ಲೇ ಎತ್ತಿ ಕೆಳಗಿಟ್ಟಳು. ಕೈ ಸುಟ್ಟಿರಬೇಕು. “ಇದು ನನ್ನ ಪಾತ್ರೆ,” ಎಂದಳು. “ಅವಳಿಗೆ ಗಂಜಿ ಕಾಸಿಕೊಡೋಣ ಅಂತ ತಂದಿದ್ದೆ. ಹುಷಾರಾದ ಮೇಲೆ.”

ಅಷ್ಟರಲ್ಲಿ ಅಂಗಳದ ಆ ತುದಿಯಿಂದ ಗಡುಸು ದನಿಯೊಂದು ಕೇಳಿತು. “ಓಹೋ! ಪೊಲೀಸ್ ಇಲಾಖೆಗೆ ನಮ್ಮಲ್ಲೇ ನಾಷ್ಟಾನಾ?”

ಪ್ರೊಫೆಸರ್ ಕಯೀವ. ಆಸ್ಪತ್ರೆಯ ಮುಖ್ಯಸ್ಥ, ಮುಖ್ಯ ಶಸ್ತ್ರವೈದ್ಯ. ಅರವತ್ತರ ಎತ್ತರದ ಆಳು. ಹಸಿರು ಬಟ್ಟೆಯ ಮೇಲೆ ಬಿಳಿ ಕೋಟು ಹೊದ್ದು ಥಿಯೇಟರಿನ ಕಡೆ ಹೊರಟಿದ್ದ. ಒಲೆಗಳ ಮುಂದಿದ್ದ ಹೆಂಗಸರೆಲ್ಲ ಮಂಡಿಯೂರಿ ವಂದಿಸಿದರು. ಮಿರೆಂಬೆಯ ತಾಯಿಯೊಬ್ಬಳು ಕದಲಲಿಲ್ಲ.

“ಯಂತ್ರದವನು ಒಪ್ಪಿಕೊಂಡನಾ, ಇನ್ಸ್‌ಪೆಕ್ಟರ್?”

“ಇನ್ನೂ ಇಲ್ಲ ಸಾರ್.”

“ಒಪ್ಪಿಸೋದು ನಿಮ್ಮ ಕೆಲಸ. ಒಲೆ ಮುಂದೆ ಕೂರೋದಲ್ಲ.” ನಗುತ್ತಲೇ ಅಂದ. “ಒಂಬತ್ತಕ್ಕೆ ನನಗೊಂದು ಕೂಸಿದೆ. ಮೂರು ತಿಂಗಳಿನದು. ತುರ್ತು ಕೇಸು.”

“ಆಲ್ಬುಮಿನ್ ಬಾಟಲಿ ಎಲ್ಲಾ ನಿನ್ನೆಯಿಂದ ನನ್ನ ಸೀಲಿನಲ್ಲಿದೆ ಸಾರ್. ಒಂದೂ ಬಳಸೋ ಹಾಗಿಲ್ಲ.”

“ನಿಮ್ಮ ಸೀಲು ನೀವೇ ಇಟ್ಕೊಳ್ಳಿ. ಉಪ್ಪುನೀರಲ್ಲಿ, ರಕ್ತದಲ್ಲಿ ಮುಗಿಸ್ತೀನಿ. ಕೂಸುಗಳ ಹೃದಯ ನಿಮ್ಮ ತನಿಖೆಗೆ ಕಾಯಲ್ಲ.”

ಹೋದ. ಪಾತ್ರೆಗಳ ಕಡೆ ಒಂದು ಸಲವೂ ಕಣ್ಣು ಹಾಯಿಸಲಿಲ್ಲ.

“ಏನು ಠೀವಿ!” ಎಂದ ಎತ್ಯಾಂಗ್, ಬಾಟಲಿ ಹಿಡಿದ ಕೈಯನ್ನು ಮರೆತು. ಅದು ಪಕ್ಕದ ಒಲೆಯಲ್ಲಿ ಕುದಿಯುವ ಚಹಾ ಕೆಟಲಿನ ಬಾಯಿಗೆ ನೇರವಾಗಿತ್ತು.

“ಕೈ ತೆಗಿಯೋ, ಮುದ್ದೆಮಾಲು ಅದು...” ಎನ್ನುತ್ತಿದ್ದ ಕಬಹೆಂಡಾ ಅರ್ಧಕ್ಕೇ ನಿಲ್ಲಿಸಿದಳು. “ತಡಿ. ತೆಗೀಬೇಡ.”

ಹಬೆಗೆ ಲೇಬಲ್ಲಿನ ಒಂದು ಮೂಲೆ ಬಿಟ್ಟುಕೊಂಡಿತ್ತು. ಅವಳು ಉಗುರಿನಿಂದ ಮೆಲ್ಲಗೆ ಎಬ್ಬಿಸಿದಳು. ಹಸಿರು ಪಟ್ಟಿ ಮೆತ್ತಗೆ ಸುರುಳಿಯಾಗಿ ಮೇಲೆದ್ದಿತು. ಅದರಡಿಯಲ್ಲಿ ಇನ್ನೊಂದು ಲೇಬಲ್ಲು. ಮಾಸಿದ ಅಕ್ಷರ. ಪಿಷ್ಟದ ದ್ರಾವಣ ಎಂಬುದೂ, ಅದರ ಪಕ್ಕ ಒಂದು ಸಂಖ್ಯೆಯೂ ಓದಿಸಿಕೊಳ್ಳುತ್ತಿತ್ತು: 450.

“ಯಾರೋ ಖಾಲಿ ಆಲ್ಬುಮಿನ್ ಬಾಟಲಿಯ ಲೇಬಲ್ಲನ್ನ ಹೀಗೇ ಹಬೆ ಹಿಡಿದು ಬಿಡಿಸಿದ್ದಾರೆ,” ಎಂದಳು. “ಬಿಡಿಸಿ ಇದಕ್ಕೆ ಅಂಟಿಸಿದ್ದಾರೆ. ಲುಟಾಯನ ಹೆಂಡತಿ ಏನಂದ್ಲು, ಇನ್ನೊಂದು ಸಲ ಹೇಳು.”

ಎತ್ಯಾಂಗ್ ಪುಸ್ತಕ ತೆಗೆದು ಓದಿದ. “ಯಂತ್ರದ ಕೊಳವೆಗೆ ಆಲ್ಬುಮಿನ್ ತುಂಬುವಾಗ ನೊರೆ ಬರ್ತದೆ. ಆ ನೊರೆ ಇಳಿಸೋದೇ ನನ್ನ ಗಂಡನಿಗೆ ಒಂದು ರಗಳೆ. ಅವತ್ತು ನೊರೆಯೇ ಬರಲಿಲ್ಲವಂತೆ. ಅದಕ್ಕೇ ಉಳಿದದ್ದನ್ನ ಎತ್ತಿಟ್ಟುಕೊಂಡ.”

“ಎತ್ತಿಟ್ಟುಕೊಂಡು ಬಾಯಿ ಮುಚ್ಚಿಕೊಂಡ.”

“ಯಾರಿಗೆ ಹೇಳ್ತಾನೆ ಅಫಾಂದೆ? ಡಾಕ್ಟರುಗಳ ಮೇಲೆ ದೂರು ಕೊಟ್ಟ ಯಂತ್ರದವನಿಗೆ ನಾಳೆ ಕೆಲಸ ಇರ್ತದಾ?”

ಕಬಹೆಂಡಾ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು. ಮಂಡಿ ಕಟಕಟ ಎಂದಿತು. “ನೀನು ಥಿಯೇಟರ್ ಬಾಗಿಲ ಹತ್ರ ಇರು. ನಾನು ನಮ್ಮೂರಿನವಳನ್ನ ಮಾತಾಡಿಸಿ ಬರ್ತೀನಿ.”

ಡಾಕ್ಟರ್ ನ್ಯಾಂಗೋಮ, ಕೂಸುಗಳಿಗೆ ಅರಿವಳಿಕೆ ಕೊಡುವ ತಜ್ಞೆ. ಶಸ್ತ್ರಕ್ರಿಯೆಯ ಹೊತ್ತಿನಲ್ಲಿ ಯಾವ ದ್ರವ, ಎಷ್ಟು, ಯಾವಾಗ ಎಂದು ತೀರ್ಮಾನಿಸುವವಳು ಅವಳೇ. ಕಬಹೆಂಡಾಗಿಂತ ಆರು ವರ್ಷ ಚಿಕ್ಕವಳು. ಇಬ್ಬರೂ ಫೋರ್ಟ್ ಪೋರ್ಟಲ್ಲಿನ ಒಂದೇ ಹಾಸ್ಟೆಲಿನಲ್ಲಿ ಓದಿದವರು.

ವಾರ್ಡು ಸುತ್ತಿ ಅವಳು ಕೋಣೆಗೆ ಬರುವಾಗ ಒಂಬತ್ತೂವರೆ ದಾಟಿತ್ತು. ಆರು ಹೆಜ್ಜೆಯ ಕೋಣೆ. ಒಂದು ಗೋಡೆಯ ತುಂಬ ಮನೆಗೆ ಹೋದ ಕೂಸುಗಳ ಫೋಟೋಗಳು.

“ಬಾ ಅತೇನಿ, ಕೂತ್ಕೋ. ಚಹಾ ಹಾಕ್ಲಾ?”

“ಬೇಡ ಡಾಕ್ಟರ್.”

ನ್ಯಾಂಗೋಮಳ ಕೈ ಫ್ಲಾಸ್ಕಿನ ಮೇಲೆಯೇ ನಿಂತಿತು. ತೋರೊ ಸೀಮೆಯವರು ಒಬ್ಬರನ್ನೊಬ್ಬರು ಬರಿ ಹೆಸರಿನಿಂದಲೋ ಪದವಿಯಿಂದಲೋ ಕರೆಯುವುದಿಲ್ಲ. ಹುಟ್ಟಿದಾಗ ಕೊಟ್ಟ ಅಕ್ಕರೆಯ ಹೆಸರೊಂದು ಪ್ರತಿಯೊಬ್ಬರಿಗೂ ಇರುತ್ತದೆ. ಕಬಹೆಂಡಾ ಅತೇನಿ, ನ್ಯಾಂಗೋಮ ಅಡ್ಯೇರಿ. ಅದನ್ನು ಬಿಟ್ಟು ಕರೆದರೆ ಮುಖದ ಮೇಲೆ ಕದ ಹಾಕಿದ ಹಾಗೆ.

“ಡಾಕ್ಟರ್ ಅಂದ್ಯಾ?”

ಕಬಹೆಂಡಾ ರಕ್ತ ಕಟ್ಟಿಸಿ ನೋಡುವ ಯಂತ್ರದ ಎರಡು ಕಾಗದಗಳನ್ನು ಮೇಜಿನ ಮೇಲೆ ಹರಡಿದಳು. ಎರಡರಲ್ಲೂ ಒಂದು ಉದ್ದ ಗೆರೆ, ಸ್ವಲ್ಪ ದೂರ ಹೋಗಿ ಎರಡಾಗಿ ಬಿಚ್ಚಿಕೊಂಡಿತ್ತು. ಆರೋಗ್ಯದ ರಕ್ತವಾದರೆ ಆ ಬಿರುಕು ಸರೋವರದ ದೊಡ್ಡ ಮೀನಿನ ಹೊಟ್ಟೆಯಷ್ಟು ಅಗಲವಾಗಿರಬೇಕು. ಇವು ಸಂತೆಯಲ್ಲಿ ಒಣಗಿಸಿ ಮಾರುವ ಬೆರಳುದ್ದದ ಬೆಳ್ಳಿಮೀನಿನಷ್ಟು ಸಪೂರ.

“ಎರಡೂ ಮಿರೆಂಬೆಯ ರಕ್ತ. ಒಂದು ಹಾಗೇ ತೆಗೆದದ್ದು. ಇನ್ನೊಂದು, ರಕ್ತ ತೆಳು ಮಾಡೋ ಔಷಧಾನ ಮುರಿಯೋ ಪುಡಿ ಹಾಕಿ ತೆಗೆದದ್ದು. ಲುಟಾಯ ಆ ಔಷಧಾನ ಜಾಸ್ತಿ ಹಾಕಿದ್ದಿದ್ರೆ ಮೊದಲನೇದು ಕೆಟ್ಟು ಎರಡನೇದು ಸರಿಹೋಗ್ಬೇಕಿತ್ತು. ಎರಡೂ ಒಂದೇ ಥರ ಇದೆ.”

“ಪೊಲೀಸ್ನೋರು ಇದೆಲ್ಲ ಯಾವಾಗ ಕಲಿತ್ರಿ?”

“ಮೂರು ವಾರ ಹಿಡೀತು ನನಗೆ. ನಿನಗೆ ಮೂರು ನಿಮಿಷ. ಕೆಳಗೆ ನಿನ್ನ ಸಹಿ ಇದೆ ನೋಡು. ಕೂಸು ಸತ್ತ ದಿನದ್ದೇ.”

ನ್ಯಾಂಗೋಮ ಕಾಗದ ಮುಟ್ಟಲಿಲ್ಲ.

“ಅವನು ಹಾಕಿಲ್ಲ ಅಂತ ನಿನಗೆ ಮೊದಲ ದಿನವೇ ಗೊತ್ತಿತ್ತು,” ಎಂದಳು ಕಬಹೆಂಡಾ. “ಒಂಬತ್ತು ದಿನದಿಂದ ಆ ಮನುಷ್ಯ ಸಿಮೆಂಟಿನ ಮೇಲೆ ಮಲಗ್ತಿದ್ದಾನೆ. ಪೇಪರಿನಲ್ಲಿ ಫೋಟೋ ಹಾಕಿ ಕೂಸು ಕೊಂದವನು ಅಂತ ಬರೆದ್ರು. ಅವನ ಮಕ್ಕಳನ್ನ ಸ್ಕೂಲಿನಲ್ಲಿ ಬೇರೆ ಕೂರಿಸ್ತಿದ್ದಾರಂತೆ. ಒಂದು ಮಾತು ಹೇಳೋಕೆ ನಿನಗೇನಾಗಿತ್ತು?”

“ಹೇಳಿದ್ರೆ ಮುಂದಿನ ಪ್ರಶ್ನೆ ಬರ್ತಿತ್ತು.”

“ಏನಂತ?”

“ಮತ್ಯಾಕೆ ರಕ್ತ ಕಟ್ಟಲಿಲ್ಲ ಅಂತ.”

ಕಬಹೆಂಡಾ ಬಾಟಲಿ ತೆಗೆದು ಮೇಜಿನ ನಡುವೆ ಇಟ್ಟಳು. ಸುರುಳಿಯಾದ ಲೇಬಲ್ಲು ನ್ಯಾಂಗೋಮಳ ಕಡೆಗಿತ್ತು.

ಅವಳು ಎದ್ದು ಬಾಗಿಲು ಹಾಕಿ ಬಂದಳು.

“ಮಾರ್ಚ್‌ನಿಂದ ಆಲ್ಬುಮಿನ್ ಬರೋದು ನಿಂತುಹೋಯ್ತು. ಹಡಗಲ್ಲಿದೆ ಅಂದ್ರು. ಮೊಂಬಾಸಾದಲ್ಲಿದೆ ಅಂದ್ರು. ಇಲ್ಲಿ ಲಿಸ್ಟಿನಲ್ಲಿ ಅರವತ್ತೆರಡು ಕೂಸು. ನೀನು ನೀಲಿಗಟ್ಟಿದ ಕೂಸನ್ನ ನೋಡಿದ್ದೀಯಾ ಅತೇನಿ? ಹಾಲು ಕುಡಿಯೋಕೆ ಉಸಿರು ಸಾಲಲ್ಲ. ಎರಡು ಗುಟುಕು ಕುಡೀತಾವೆ, ಬೆವರ್ತಾವೆ, ಮಲಗಿಬಿಡ್ತಾವೆ. ಆ ಅಂಗಳದಲ್ಲೇ, ತಾಯಂದಿರ ತೊಡೆ ಮೇಲೇ, ವಾರಕ್ಕೊಂದು ಹೋಗ್ತಿತ್ತು. ಅದಕ್ಕೆ ಯಾರೂ ಪೊಲೀಸ್ ಕರೀಲಿಲ್ಲ.”

“ಮುಂದೆ ಹೇಳು.”

“ಪಿಷ್ಟ ಇತ್ತು. ದೊಡ್ಡೋರ ವಾರ್ಡಿಗೆ ಅಂತ ಬಂದಿದ್ದು. ಹೊಸ ಥರದ್ದು, ಸಣ್ಣ ಕಣದ್ದು. ನಾನು ಹೊರದೇಶದಲ್ಲಿ ಕಲಿಯೋವಾಗ ಕೂಸುಗಳಿಗೆ ಅಳತೆಯಲ್ಲಿ ಕೊಡೋದನ್ನ ಕಣ್ಣಾರೆ ನೋಡಿದ್ದೆ. ಪ್ರೊಫೆಸರ್ ಹತ್ರ ಹೋಗಿ ಕೇಳಿದೆ. ‘ಕೂಸಿನ ಮೈಗೆ ಗಂಜಿ ಬಿಡೋಕೆ ನನ್ನ ಥಿಯೇಟರ್ ಏನು ದೋಬಿಖಾನೆಯಾ’ ಅಂದ್ರು. ನರ್ಸುಗಳ ಮುಂದೆ. ಎಲ್ಲ ನಕ್ಕರು.”

“ಅದಕ್ಕೆ ಲೇಬಲ್ ಬದಲಾಯಿಸಿದೆ.”

“ಹನ್ನೊಂದು ಬಾಟಲಿ. ಮನೆಯಲ್ಲಿ, ಚಹಾದ ಕೆಟಲಿನ ಮೇಲೆ.” ದನಿಯಲ್ಲಿ ಅಳುಕಿರಲಿಲ್ಲ. “ಕೆಜಿಗೆ ಹತ್ತು ಮಿಲಿ. ಒಂದು ಹನಿ ಮೀರಲಿಲ್ಲ. ಇಬ್ಬರಿಗೆ ರಕ್ತ ಸ್ವಲ್ಪ ಒಸರಿತು. ಪ್ಲಾಸ್ಮಾ ಕೊಟ್ಟೆ, ನಿಂತಿತು. ಹತ್ತು ಕೂಸುಗಳು ಮನೆಗೆ ಹೋದ್ವು. ಆ ಗೋಡೆ ಮೇಲಿವೆ, ಎಣಿಸಿಕೋ.”

“ಹನ್ನೊಂದನೇದು ಮಿರೆಂಬೆ.”

ನ್ಯಾಂಗೋಮ ಕಣ್ಣು ಮುಚ್ಚಿದಳು. “ಹೌದು.”

ಕಿಟಕಿಯ ಹೊರಗೆ ಯಾರೋ ಕೂಸನ್ನು ತಟ್ಟಿ ಮಲಗಿಸುತ್ತಿದ್ದರು. ಕಬಹೆಂಡಾಗೆ ಸಿಟ್ಟು ಬರಬೇಕಿತ್ತು. ಬಂದದ್ದು ಬಾಯೊಳಗಿನ ಒಂದು ಕಹಿ. ಕೆಟ್ಟವಳೊಬ್ಬಳು ಸಿಕ್ಕಿದ್ದರೆ ಚೆನ್ನಾಗಿರುತ್ತಿತ್ತು. ಹಿಡಿದು ಎಳೆದುಕೊಂಡು ಹೋಗಬಹುದಿತ್ತು.

“ನಿನ್ನ ಹತ್ತು ಮಿಲಿಗೆ ಸೇರಿ ಲುಟಾಯ ಯಂತ್ರದಲ್ಲೂ ಅದನ್ನೇ ಹಾಕಿದ,” ಎಂದಳು. “ಲೇಬಲ್ ನಂಬಿ. ಕೂಸಿನ ಮೈಗೆ ಎರಡೂ ಕಡೆಯಿಂದ ಹೋಯ್ತು. ನಿನ್ನ ಸುಳ್ಳು ಅವನ ಕೈಯಿಂದ ಕೊಲ್ಲಿಸಿತು, ಡಾಕ್ಟರ್. ಆಮೇಲೆ ಅವನನ್ನೇ ಜೈಲಿಗೂ ಕಳಿಸ್ತು.”

“ಯಂತ್ರದಲ್ಲಾ?” ನ್ಯಾಂಗೋಮ ಕಣ್ಣು ತೆರೆದಳು.

“ನಾಟಕ ಬೇಡ.”

“ಇಲ್ಲ ಅತೇನಿ, ಯಂತ್ರಕ್ಕೆ ನಾನು ಒಂದು ಹನಿಯೂ ಕೊಟ್ಟಿಲ್ಲ. ಅದಕ್ಕೆ ಬರೀ ರಕ್ತ, ಉಪ್ಪುನೀರು ಅಂತ ಚೀಟಿಯಲ್ಲಿ ಬರೆದಿದ್ದೆ, ಪ್ರತಿ ಸಲವೂ. ಎರಡು ಕಡೆ ಹೋಗಬಾರದು ಅಂತಲೇ.” ಅವಳು ಬಾಟಲಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಬೆರಳು ಸಂಖ್ಯೆಯ ಮೇಲೆ ನಿಂತಿತು. 

“ಇದು ನನ್ನದಲ್ಲ.”

“ಏನು?”

“ನನ್ನ ಬಾಟಲಿಗಳ ಮೇಲಿದ್ದದ್ದು ನೂರಮೂವತ್ತು. ಸಣ್ಣ ಕಣ, ಬೇಗ ಮೈಯಿಂದ ಇಳಿದುಹೋಗ್ತದೆ. ಇದು ನಾನೂರೈವತ್ತು. ಹಳೇ ಕಾಲದ್ದು, ದೊಡ್ಡ ಕಣ. ದಿನಗಟ್ಟಲೆ ರಕ್ತದಲ್ಲೇ ಇರ್ತದೆ, ಕಟ್ಟೋಕೆ ಬಿಡಲ್ಲ. ನಾನು ಓದುವಾಗಲೇ ಕೂಸುಗಳಿಗೆ ಇದನ್ನ ಬಿಟ್ಟುಬಿಟ್ಟಿದ್ರು. ಇದು ಇಲ್ಲಿ ಇನ್ನೂ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ.”

“ಅಂದ್ರೆ ನೀನು ಮಾಡಿದ್ದನ್ನ ನೋಡಿ ಇನ್ಯಾರೋ...”

“ನನ್ನ ಹನ್ನೊಂದು ಬಾಟಲಿ ಮಿರೆಂಬೆಗೇ ಮುಗಿದುಹೋಯ್ತು. ಆಮೇಲೆ ಸತ್ತ ಎರಡನೇ ಕೂಸಿಗೆ ಹಸಿರು ಪಟ್ಟಿಯದೇ ನೇತುಹಾಕಿದ್ರು. ನಾನು ಅದು 'ಕೊನೆಗೂ ಬಂದ ಅಸಲಿ ಮಾಲು' ಅಂದುಕೊಂಡೆ. ಅಷ್ಟು ಸಮಾಧಾನ ಆಗಿತ್ತು ನನಗೆ. ಆ ಕೂಸಿಗೂ ರಕ್ತ ನಿಲ್ಲದೇ ಹೋದಾಗ ನನ್ನ ಪಾಪವೇ ಇನ್ನೊಂದು ದಾರಿ ಹಿಡಿದು ಬಂತು ಅಂತ ಬಾಯಿ ಮುಚ್ಚಿಕೊಂಡೆ.”

ಕಬಹೆಂಡಾ ಅವಳ ಮುಖವನ್ನೇ ನೋಡಿದಳು. ಸುಳ್ಳು ಹೇಳುವವರನ್ನು ಅವಳು ಬೇಕಾದಷ್ಟು ಕಂಡಿದ್ದಳು. ಹೀಗೆ ತನ್ನ ಕುತ್ತಿಗೆಗೆ ತಾನೇ ಹಗ್ಗ ಹಾಕಿಕೊಂಡ ಮೇಲೆ ಸುಳ್ಳು ಹೇಳಿ ಸಿಗುವುದೇನು?

“ಅಸಲಿ ಮಾಲು ಬಂದದ್ದು ಕಳೆದ ವಾರ,” ಎಂದಳು. “ಅದನ್ನ ಒಂದೂ ಬಿಡದೆ ನಿನ್ನೆ ಸೀಲು ಮಾಡಿದ್ದೀನಿ.”

“ಒಂದೂ ಬಿಡದೆ?”

“ಎಪ್ಪತ್ತೆರಡು. ನಾನೇ ಎಣಿಸಿದ್ದು.”

“ಹಾಗಾದ್ರೆ ಇವತ್ತು ಥಿಯೇಟರ್ ತೆರೆಯೋದಿಲ್ಲ.” ನ್ಯಾಂಗೋಮ ತಲೆ ಅಲ್ಲಾಡಿಸಿದಳು. “ಆಲ್ಬುಮಿನ್ ಇಲ್ಲದೆ ಅವರು ಚಾಕು ಮುಟ್ಟಲ್ಲ. ಏನೇ ತುರ್ತು ಬರಲಿ. ಮಾರ್ಚ್‌ನಲ್ಲಿ ನಾನು ಕಾಲು ಹಿಡಿದು ಬೇಡಿಕೊಂಡೆ, ಬರೀ ಉಪ್ಪುನೀರಿನಲ್ಲಿ ಮಾಡೋಣ ಅಂತ. ಕೂಸಿನ ಶ್ವಾಸಕೋಶಕ್ಕೆ ನೀರು ತುಂಬ್ತದೆ, ನಾನು ಕೊಲೆಗಾರನಲ್ಲ ಅಂದ್ರು. ಆ ವಾರ ಮೂರು ಕೂಸು ಹೋದ್ರೂ ಬಾಗಿಲು ತೆರೀಲಿಲ್ಲ.”

ಕಬಹೆಂಡಾ ಕುರ್ಚಿಯಿಂದ ಎದ್ದದ್ದು ಅವಳಿಗೇ ಗೊತ್ತಾಗಲಿಲ್ಲ.

“ಒಂಬತ್ತು ಗಂಟೆಗೆ ತೆರೆದಿದ್ದಾರೆ.”

“ಯಾರು?”

“ಪ್ರೊಫೆಸರ್. ಮೂರು ತಿಂಗಳ ಕೂಸು. ನನ್ನ ಮುಂದೆಯೇ ಹೇಳಿ ಹೋದ್ರು, ಉಪ್ಪುನೀರಲ್ಲಿ ಮುಗಿಸ್ತೀನಿ ಅಂತ.”

ಗೋಡೆಯ ಗಡಿಯಾರ ಹತ್ತೂಕಾಲು ತೋರಿಸುತ್ತಿತ್ತು. ನ್ಯಾಂಗೋಮ ಇವತ್ತಿನ ಲಿಸ್ಟು ತೆಗೆದು ನೋಡಿದಳು. ಅದರಲ್ಲಿ ಯಾವ ಹೆಸರೂ ಇರಲಿಲ್ಲ.

“ನನಗೆ ಯಾರೂ ಹೇಳಿ ಕಳಿಸಲಿಲ್ಲ,” ಎಂದಳು. “ಅರಿವಳಿಕೆ ಕೊಡ್ತಿರೋದು ಯಾರು ಅಲ್ಲಿ?”

ಇಬ್ಬರೂ ಓಡಿದರು. ಐವತ್ತೆರಡರ ಕಬಹೆಂಡಾ ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡಳು. ಓಣಿಯ ಕೊನೆಯಲ್ಲಿ ಥಿಯೇಟರಿನ ಕೆಂಪು ದೀಪ ಉರಿಯುತ್ತಿತ್ತು. ಬಾಗಿಲ ಪಕ್ಕ ಎತ್ಯಾಂಗ್, ಬೆಂಚಿನ ಮೇಲೆ ಒಬ್ಬ ತಾಯಿ. ಹದಿನೆಂಟು ದಾಟಿರಲಿಕ್ಕಿಲ್ಲ. ಮಡಿಲಲ್ಲಿ ಮಡಿಸಿಟ್ಟ ಖಾಲಿ ಕಂಬಳಿ.

“ಎರಡು ಸಲ ರಕ್ತದ ಚೀಲ ಒಳಗೆ ಹೋಯ್ತು ಅಫಾಂದೆ,” ಎಂದ ಎತ್ಯಾಂಗ್. “ಈಗ ಮೂರನೇದಕ್ಕೆ ಓಡಿದ್ದಾರೆ.”

ನ್ಯಾಂಗೋಮ ಗೋಡೆಗೆ ಕೈ ಊರಿದಳು. “ನಿಲ್ತಿಲ್ಲ. ರಕ್ತ ನಿಲ್ತಿಲ್ಲ. ನನ್ನ ಒಳಗೆ ಕಳಿಸು ಅತೇನಿ. ಅಲ್ಲಿರೋದು ಬದಲಿ ಡಾಕ್ಟರು. ಅವರು ಲೇಬಲ್ ಓದಿ ಅದನ್ನೇ ಇನ್ನಷ್ಟು ಬಿಡ್ತಾರೆ. ಅದೇನು ಅಂತ ಗೊತ್ತಿರೋದು ನನಗೊಬ್ಬಳಿಗೆ. ನಿಲ್ಲಿಸಬೇಕು, ರಕ್ತ ಕಟ್ಟಿಸೋ ಅಂಶ ಕೊಡಬೇಕು. ಹತ್ತು ನಿಮಿಷ ತಡವಾದ್ರೆ ಮುಗೀತು.”

ಕಬಹೆಂಡಾಳ ಬಲಗೈ ಸೊಂಟದ ಕೈಕೋಳದ ಮೇಲಿತ್ತು. ಮಿರೆಂಬೆಗೆ ಕಳ್ಳ ಬಾಟಲಿ ಕಟ್ಟಿದೆನೆಂದು ಒಪ್ಪಿಕೊಂಡ ಹೆಂಗಸು. ಅವಳ ಕೈಗೆ ಇನ್ನೊಂದು ಕೂಸು ಕೊಡಬೇಕು. ಕೊಡದಿದ್ದರೆ ಆ ಕೂಸಿಲ್ಲ. ನಾಳೆ ಕೋರ್ಟಿನಲ್ಲಿ ಇದನ್ನು ಯಾವ ಬಾಯಲ್ಲಿ ಹೇಳುವುದು?

ಅಷ್ಟರಲ್ಲಿ ಬೆಂಚಿನ ಮೇಲಿದ್ದ ತಾಯಿ ಎದ್ದು ಬಂದು ನ್ಯಾಂಗೋಮಳ ಎರಡೂ ಕೈ ಹಿಡಿದುಕೊಂಡಳು. ಮಂಡಿಯೂರಿದಳು. “ಡಾಕ್ಟರಮ್ಮ, ನೀವು ಬಂದ್ರಾ! ನೀವಿಲ್ಲ ಅಂದ್ರು. ನಮ್ಮಕ್ಕನ ಮಗೂನ ನೀವೇ ಉಳಿಸಿದ್ದು. ಇನ್ನು ನನಗೆ ಭಯ ಇಲ್ಲ.”

ನ್ಯಾಂಗೋಮ ಆ ಕೈಗಳನ್ನು ಬಿಡಿಸಿಕೊಳ್ಳಲಾರದೆ ಕಬಹೆಂಡಾಳನ್ನು ನೋಡಿದಳು. ಆ ನೋಟವನ್ನು ಕಬಹೆಂಡಾ ಸಾಯುವ ತನಕ ಮರೆಯುವಂತಿರಲಿಲ್ಲ.

“ಹೋಗು ಅಡ್ಯೇರಿ,” ಎಂದಳು.

ಬಾಗಿಲು ತೆರೆದು ಮುಚ್ಚಿತು. ಅದರ ಎದೆಮಟ್ಟದಲ್ಲಿ ಅಂಗೈ ಅಗಲದ ಗಾಜು. ಕಬಹೆಂಡಾ ಬಗ್ಗಿ ಕಣ್ಣಿಟ್ಟಳು.

ದೊಡ್ಡ ದೀಪದ ಕೆಳಗೆ ಹಸಿರು ಬಟ್ಟೆಯ ನಾಲ್ಕೈದು ಬೆನ್ನುಗಳು. ನಡುವೆ ತೆರೆದಿಟ್ಟ ಪುಟ್ಟ ಎದೆ, ಅಂಗೈಯಷ್ಟು ಕೆಂಪು. ತಲೆಯ ಕಡೆ ಕಂಬಕ್ಕೆ ನೇತುಹಾಕಿದ ಬಾಟಲಿ, ಅದರ ಮೇಲೆ ಹಸಿರು ಪಟ್ಟಿ. ನಿನ್ನೆಯಿಂದ ಅವಳ ಬೀಗದ ಹೊರಗೆ ಈ ಆಸ್ಪತ್ರೆಯಲ್ಲಿ ಎಲ್ಲೂ ಇರಬಾರದಿದ್ದ ಪಟ್ಟಿ.

ನ್ಯಾಂಗೋಮ ನೇರ ಅದರ ಹತ್ತಿರ ಹೋದಳು. ಬದಲಿ ಡಾಕ್ಟರನ್ನು ಪಕ್ಕಕ್ಕೆ ಸರಿಸಿ ಕೊಳವೆಯ ಹರಿವು ನಿಲ್ಲಿಸುವ ಕ್ಲಿಪ್ಪಿಗೆ ಕೈ ಹಾಕಿದಳು.

ಪ್ರೊಫೆಸರ್ ಕಯೀವ ತಲೆ ಎತ್ತಿದ.

ಎದೆ ತೆರೆದಿರುವಾಗ ಶಸ್ತ್ರವೈದ್ಯನ ಕೈ ಆ ಎದೆ ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ. ಮೂಗು ತುರಿಸಿದರೂ, ಭೂಮಿ ಅದುರಿದರೂ ಮುಟ್ಟುವುದಿಲ್ಲ. ಈ ಮೂರು ವಾರದಲ್ಲಿ ಕಬಹೆಂಡಾ ಕಲಿತ ಮೊದಲ ಪಾಠವೇ ಅದು. ಹೊರಗಿನದನ್ನು ಮುಟ್ಟಿದ ಕೈ ಮತ್ತೆ ಒಳಗೆ ಹೋಗುವಂತಿಲ್ಲ.

ಆ ಕೈ ಕೂಸಿನ ಎದೆಯಿಂದ ಹೊರಬಂತು. ಮೊಣಕೈ ತನಕ ರಕ್ತ ಬಳಿದಿದ್ದ ಕೈಗವಸು ದೀಪಕ್ಕೆ ಹೊಳೆಯಿತು. ಮೇಜಿನ ಆಚೆಗೆ ಚಾಚಿ, ನ್ಯಾಂಗೋಮಳ ಮಣಿಕಟ್ಟನ್ನು ಹಿಡಿದು, ಬಾಟಲಿಯಿಂದ ದೂರಕ್ಕೆ ತಿರುಚಿತು. 450ರ ಬಾಟಲಿಗಳಿಗೆ ಹಸಿರು ಪಟ್ಟಿ ಅಂಟಿಸಿದ ಕೈ ಯಾವುದೆಂದು ಕಬಹೆಂಡಾಗೆ ಗೊತ್ತಾಯಿತು.